ಕರೀರಿ ಮಿಲಿಟ್ರಿ!

ಮನೆಗೆ ಬೆಂಕಿ ಬಿದ್ದರೆ ಕೆರೆಯಿಂದ ನೀರು ತರಬಹುದು. ಕೆರೆಗೇ ಬೆಂಕಿ ಬಿದ್ದರೆ? ಬೆಂಗಳೂರಿನ ಬಳಿ ಉತ್ತರವಿದೆ: ಮಿಲಿಟ್ರಿ ತರಬಹುದು. 2018ರ ಜನವರಿ 19ರಂದು ಬೆಳ್ಳಂದೂರು ಕೆರೆ ಹೊತ್ತಿಕೊಂಡಾಗ ಸೇನೆಯ ಎಎಸ್‌ಸಿ ಕೇಂದ್ರದಿಂದ ಕೆರೆಗಿಳಿದವರು ಸುಮಾರು 5,000 ಯೋಧರು. ಎದುರಾಳಿ ಪಾಕಿಸ್ತಾನವಲ್ಲ, ಚೀನಾ ಅಲ್ಲ. ನಾವೇ ಫ್ಲಶ್ ಮಾಡಿ ಕಳಿಸಿದ್ದು, ಅದನ್ನುಂಡು ಕೊಬ್ಬಿದ ಜೊಂಡು, ಜೊತೆಗೆ ಸುರಿದ ಕಸ. ಗಡಿಯಾಚೆಯ ಶತ್ರುವಿಗಾದರೆ ಕದನ ವಿರಾಮ ಅಂತೊಂದಿದೆ. ನಮ್ಮ ಚರಂಡಿಗೆ ಅದೂ ಇಲ್ಲ.

ನಿಯಮದ ಪ್ರಕಾರ ನಾಗರಿಕ ಆಡಳಿತ ಕೈಲಾದದ್ದೆಲ್ಲ ಮಾಡಿ, ಸೋತು, ಕಟ್ಟಕಡೆಗೆ ಸೇನೆಯನ್ನು ಕರೆಯಬೇಕು. ನಮ್ಮವರು ನಿಯಮ ಮುರಿದಿಲ್ಲ. ಸೋಲುವ ಭಾಗವನ್ನು ಮೊದಲೇ ಮುಗಿಸಿಟ್ಟಿರುತ್ತಾರೆ, ಅಷ್ಟೆ.

2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟ ಇನ್ನೇನು ಬಂತು ಎನ್ನುವಾಗ ಕ್ರೀಡಾಂಗಣದ ಪಾದಚಾರಿ ಸೇತುವೆ ಕುಸಿಯಿತು, ಸೇನೆ ಬಂತು. 2016ರಲ್ಲಿ ಯಮುನೆಯ ದಡದ ಸಾಂಸ್ಕೃತಿಕ ಉತ್ಸವಕ್ಕೆ ನಡೆದುಹೋಗುವವರಿಗೆ ತೇಲುಸೇತುವೆ ಬೇಕಾಯಿತು, ಸೇನೆ ಬಂತು. 2017ರಲ್ಲಿ ಮುಂಬೈನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲ್ತುಳಿತದಲ್ಲಿ 23 ಜನ ಸತ್ತ ಮೇಲೆ ಅಲ್ಲೂ ಹೊಸ ಸೇತುವೆ ಕಟ್ಟಿದ್ದು ಸೇನೆಯೇ. ಉತ್ಸವಕ್ಕೂ ಅವರೇ, ಸಾವಿಗೂ ಅವರೇ.

2024ರ ಜುಲೈ ಕೊನೆಗೆ ವಯನಾಡಿನಲ್ಲಿ ಗುಡ್ಡ ಜರಿದು ಊರೇ ಹೋಯಿತು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೇನಾ ಎಂಜಿನಿಯರುಗಳಾದ ಮದ್ರಾಸ್ ಸ್ಯಾಪರ್ಸ್‌ನವರು ಹೋಗಿ, ಮಳೆಯಲ್ಲೇ ನಿಂತು, ಎರಡು ದಿನದೊಳಗೆ 190 ಅಡಿಯ ಬೈಲಿ ಸೇತುವೆ ಎಬ್ಬಿಸಿದರು. ಅದೇ ಹಲಸೂರಿನಿಂದ ಆಟೋ ಹತ್ತಿದರೆ ಈಜಿಪುರ. ಅಲ್ಲಿ 2017ರಲ್ಲಿ ಶುರುವಾದ ಎರಡೂವರೆ ಕಿಲೋಮೀಟರ್ ಮೇಲ್ಸೇತುವೆ ಆಗಿನ್ನೂ ಮುಗಿದಿರಲಿಲ್ಲ. ಈಜಿಪುರದವರದ್ದೂ ತಪ್ಪಿದೆ ಅನ್ನಿ. ಏಳು ವರ್ಷದಲ್ಲಿ ಒಂದು ಗುಡ್ಡವನ್ನಾದರೂ ಕುಸಿಸಿಕೊಳ್ಳಬಾರದಿತ್ತೆ?

ಸೇನೆಯ ಈ ನೆರವೆಲ್ಲ ಪುಕ್ಕಟೆ ಅಂದುಕೊಳ್ಳಬೇಡಿ. 2024ರ ಕೊನೆಗೆ, 2006ರಿಂದೀಚೆಗೆ ವಾಯುಪಡೆ ಜನರನ್ನು ಎತ್ತಿ ತಂದ ಲೆಕ್ಕವೆಂದು 132 ಕೋಟಿ ರೂಪಾಯಿ ಕೊಡಿ ಅಂತ ಕೇಂದ್ರ ಕೇರಳಕ್ಕೆ ಕಾಗದ ಬರೆಯಿತು. ಮುಳುಗುವವನು ಹೆಲಿಕಾಪ್ಟರಿನ ಹಗ್ಗ ಹಿಡಿಯುವ ಮೊದಲು ಮೀಟರ್ ಹಾಕಿದ್ದಾರಾ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಪರದೇಶದಲ್ಲಿ ಸೈನಿಕನ ಕೆಲಸ ಇದಕ್ಕಿಂತ ಸ್ಪಷ್ಟ. ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಪಂಚಾಯಿತಿಕೆಗೆ ಹೋದರು. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸಿ 1965ರಲ್ಲಿ ಅಲ್ಲೇ ತೀರಿಕೊಂಡರು. ಗ್ರೀಕರೂ ತುರ್ಕರೂ ಕತ್ತಿ ಮಸೆಯುತ್ತಿದ್ದ ದ್ವೀಪ, ನಿಜ. ಆದರೆ ‘ಹಾಗೇ ಡ್ರೈನೇಜೂ ಒಂಚೂರು ನೋಡಿಬಿಡಿ ಸಾರ್’ ಎಂದು ಎರಡೂ ಕಡೆಯವರು ಕೇಳಿದ್ದು ಇತಿಹಾಸದಲ್ಲಿಲ್ಲ. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಬೆಂಗಳೂರು ಒಂದು ರಸ್ತೆ ಕೊಟ್ಟಿತು; ಆಟೋದವರಿಗೆ ಅದು ಇವತ್ತಿಗೂ ರಿಚ್ಮಂಡ್ ರೋಡು.

ನಮ್ಮ ಬೀದಿಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಹೋಗಿ ತಿಂಗಳಾಯಿತು. ಯಾರೋ ಪುಣ್ಯಾತ್ಮರು ಹೊಂಗೆ ಕೊಂಬೆ ಸಿಕ್ಕಿಸಿ, ತುದಿಗೆ ಕೆಂಪು ಪ್ಲಾಸ್ಟಿಕ್ ಚೀಲ ಕಟ್ಟಿದ್ದಾರೆ. ಮೊನ್ನೆ ಎಂಜಿನಿಯರು ಬಂದರು, ಬಗ್ಗಿ ನೋಡಿದರು, ಫೋಟೋ ತೆಗೆದರು. ಅಷ್ಟರಲ್ಲಿ ಎದುರುಮನೆಯ ಸುಬೇದಾರರು, ರಿಟೈರಾಗಿ ಹದಿನೈದು ವರ್ಷ, ಮಂಡಿಗೆ ಪಟ್ಟಿ ಬಿಗಿದುಕೊಂಡು ವಾಕಿಂಗಿಗೆ ಹೊರಟರು. ಎಂಜಿನಿಯರು ಓಡಿ ಹೋಗಿ ಸೆಲ್ಯೂಟ್ ಹೊಡೆದು ಕೇಳಿದರು:

“ಸಾರ್, ನಿಮ್ಮ ಕಡೆಯವ್ರು ಯಾರಾದ್ರೂ ಫ್ರೀ ಇದ್ದಾರಾ?”