ವೇಸ್ಟೇಜ್ ಮೀಮಾಂಸೆ: ಅಕ್ಷಯ ತದಿಗೆಯ ತರ್ಕಕ್ಕೊಂದು ಕಿರು ಭಾಷ್ಯ

ಜ್ಞಾನಕ್ಕೆ ಪ್ರಮಾಣಗಳು ನಾಲ್ಕು ಎಂದರು ನೈಯಾಯಿಕರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಪಾಪ, ಅವರ ಕಾಲಕ್ಕೆ ಅಪಾರ್ಟ್‌ಮೆಂಟ್ ಇರಲಿಲ್ಲ. ಇದ್ದಿದ್ದರೆ ಐದನೆಯದಾದ ‘ಪಕ್ಕದ್ಮನೆ ಪ್ರಮಾಣ’ ಅವರ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಉಳಿದ ನಾಲ್ಕೂ ಬೇಡವೆಂದರೂ ಬೇಕೆನ್ನಿಸುವುದೇ ಅದರ ಲಕ್ಷಣ.

ಪಂಚಾವಯವ ವಾಕ್ಯದಲ್ಲಿ ಸಾಧಿಸುವುದು ಹೀಗೆ. ಪ್ರತಿಜ್ಞೆ: ಈ ತದಿಗೆಗೆ ನಾವೂ ಚಿನ್ನ ತರಬೇಕು. ಹೇತು: ಮೂರನೇ ಮಹಡಿಯವರು ತರುತ್ತಿದ್ದಾರೆ. ಉದಾಹರಣೆ: ಎಲ್ಲೆಲ್ಲಿ ಅವರೋ ಅಲ್ಲಲ್ಲಿ ನಾವು, ಏರ್‌ಫ್ರೈಯರ್ ವಿಷಯದಲ್ಲಿ ಆದಂತೆ. ಉಪನಯ: ಇದೂ ಹಾಗೆಯೇ. ನಿಗಮನ: ಗಾಡಿ ಕೀ ಎಲ್ಲಿಟ್ರಿ?

ಇಲ್ಲೊಂದು ಪೂರ್ವಪಕ್ಷ. ವೈಶಾಖ ಶುದ್ಧ ತದಿಗೆ ದಾನದ ದಿನವಲ್ಲವೇ? ಬಿಸಿಲಲ್ಲಿ ಬಳಲಿದವರಿಗೆ ನೀರು ತುಂಬಿದ ಕೊಡ, ಬೀಸಣಿಗೆ, ಛತ್ರಿ ಕೊಡುತ್ತಿದ್ದ ದಿನವಲ್ಲವೇ? ಸಮಾಧಾನ: ಕೊಡುವುದು ಎಲ್ಲಿ ನಿಂತಿದೆ? ಈಗ ಕಾರ್ಡ್ ಕೊಡುತ್ತಾರೆ.

ಎರಡನೆಯ ಆಕ್ಷೇಪ ಕೊಂಚ ಗಟ್ಟಿ. ಬಸವ ಜಯಂತಿಯೂ ಇದೇ ತಿಥಿಗೆ. ಗಂಡ ಆಯ್ದು ತಂದ ಅಕ್ಕಿ ಎಂದಿಗಿಂತ ಹೆಚ್ಚಾಯಿತೆಂದು ‘ಅಲ್ಲೇ ಸುರಿದು ಬಾ’ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಬಳಗದ ಹಬ್ಬವಿದು. ಮೆರವಣಿಗೆ ಆಭರಣದಂಗಡಿ ಮುಂದೆ ಬಂದಾಗ ಸಾಲಿನವರು ಭಕ್ತಿಯಿಂದ ಕೈಮುಗಿಯುತ್ತಾರೆ. ಸಾಲು ಬಿಟ್ಟು ಮಾತ್ರ ಬರುವುದಿಲ್ಲ.

ಈ ಸಂಪ್ರದಾಯ ಅನಾದಿ ಎಂದು ಅಂಗಡಿಯ ಜಾಹೀರಾತೇ ಹೇಳುವುದರಿಂದ ಶಬ್ದಪ್ರಮಾಣವೂ ಸಿಕ್ಕಂತಾಯಿತು. 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಗುವವರೆಗೆ ಮನೆಯಲ್ಲಿ ಚಿನ್ನದ ಗಟ್ಟಿ ಇಟ್ಟುಕೊಳ್ಳುವಂತಿರಲಿಲ್ಲ. ಅಷ್ಟು ವರ್ಷ ಅನಾದಿಯು ಎಲ್ಲಿ ತಲೆಮರೆಸಿಕೊಂಡಿತ್ತೆಂದು ಪಿಎಚ್‌ಡಿ ಮಾಡುವವರು ನೋಡಿಕೊಳ್ಳಲಿ. ಮುಹೂರ್ತದ ವಿಷಯವೂ ಅಷ್ಟೆ: ವಾರ ಮೊದಲೇ ಅಡ್ವಾನ್ಸ್ ಕಟ್ಟಿ ರೇಟ್ ಹಿಡಿದಿಟ್ಟರೆ ಶುಭಗಳಿಗೆಗೂ ರಸೀದಿ ಸಿಗುತ್ತದೆ.

ಜನರ ವಿಚಾರಶಕ್ತಿ ಸತ್ತಿತೆಂದು ಗೊಣಗುವ ಪಂಡಿತರು ಒಮ್ಮೆ ಆ ಕೌಂಟರಿನೆದುರು ನಿಲ್ಲಬೇಕು. ಅಬ್ಬಾ, ಏನು ವಿಮರ್ಶೆ! 22 ಕ್ಯಾರೆಟ್ ಅಂದಮೇಲೆ 916 ಮುದ್ರೆ ಎಲ್ಲಿ? 2023ರ ಏಪ್ರಿಲ್‌ನಿಂದ ಕಡ್ಡಾಯವಾದ ಆರಕ್ಷರದ ಎಚ್‌ಯುಐಡಿಯನ್ನು ಆ್ಯಪ್‌ನಲ್ಲಿ ಹಾಕಿ ನೋಡೋಣ. ಹರಳಿನ ತೂಕ ಕಳೆದಿರಾ? ವೇಸ್ಟೇಜ್ ಹದಿನಾಲ್ಕು ಪರ್ಸೆಂಟಾ, ಎದುರಂಗಡಿಯಲ್ಲಿ ಹನ್ನೊಂದು ಅಂತಾರಲ್ಲ? ಮೇಕಿಂಗ್ ಚಾರ್ಜ್ ಬೇರೆ ಯಾಕೆ? ಅದರ ಮೇಲೂ ಶೇ. 3 ಜಿಎಸ್‌ಟಿಯೇ? ಮಂಡನಮಿಶ್ರರ ಮನೆಯಂಗಳದಲ್ಲೂ ಇಷ್ಟು ಸೂಕ್ಷ್ಮವಾದ ವಾದ ನಡೆದಿರಲಾರದು. ನಮ್ಮ ಸಿದ್ಧಾಂತವಿಷ್ಟೆ: ಬುದ್ಧಿ ಎಲ್ಲೂ ಹೋಗಿಲ್ಲ, ಅಷ್ಟೂ ವೇಸ್ಟೇಜಿನ ಆ ಮೂರು ಪರ್ಸೆಂಟ್ ವ್ಯತ್ಯಾಸದ ಕೆಲಸಕ್ಕೆ ನೇಮಕವಾಗಿದೆ. ಹೋರಾಡಿ ಅಷ್ಟನ್ನು ಇಳಿಸಿಕೊಂಡ ಗ್ರಾಹಕನಿಗೆ ಗೆದ್ದ ಸುಖ. ಅಂಗಡಿಯವನಿಗೂ ಬೇಸರವಿಲ್ಲ, ಹದಿನಾಲ್ಕು ಎಂದು ಬರೆದವನು ಅವನೇ.

ನ್ಯಾಯಸೂತ್ರವು ವಾದದಲ್ಲಿ ಸೋಲುವ ಬಗೆಗಳನ್ನು, ಅಂದರೆ ನಿಗ್ರಹಸ್ಥಾನಗಳನ್ನು, 22 ಎಂದು ಎಣಿಸಿದೆ. ಇಪ್ಪತ್ಮೂರನೆಯದನ್ನು ನಾವು ಸೇರಿಸುತ್ತೇವೆ: ‘ಇವತ್ತೇ ಯಾಕೆ?’ ಎಂದು ಕೇಳುವುದು. ಕೇಳಿದವನು ಸೋತಂತೆಯೇ, ವಾದ ಮುಂದುವರಿಯುವುದಿಲ್ಲ. ಕಳೆದ ಸಲ ಹಾಗೆ ಕೇಳಿದ ನಮ್ಮ ಭಾವನವರನ್ನು ಕಾರು ಕಾಯಲು ಹೊರಗೆ ಕಳಿಸಲಾಯಿತು. ಅರ್ಧ ಗಂಟೆಗೆ ಅವರೇ ಒಳಬಂದರು, ಕೈಯಲ್ಲಿ ಟೋಕನ್. ಒಂದು ಗ್ರಾಂ ನಾಣ್ಯಕ್ಕೆ ಮೇಕಿಂಗ್ ಚಾರ್ಜ್ ಕಮ್ಮಿಯಂತೆ, ಪಕ್ಕದ ಕಾರಿನವರು ಹೇಳಿದರಂತೆ.