ಉಳಿಸಿಟ್ಟ ಪಾಪಪುಣ್ಯ: ಒಂದು ಸೇವ್ ಫೈಲಿನೊಡನೆ ಕಾಲ್ಪನಿಕ ಸಂದರ್ಶನ

ಪಾತ್ರಾಭಿನಯದ ವಿಡಿಯೊ ಗೇಮ್ ಎಂದರೆ ಆಟಗಾರನು ಕಲ್ಪಿತ ಲೋಕವೊಂದರಲ್ಲಿ ಒಂದು ಪಾತ್ರವನ್ನು ಧರಿಸಿ, ಅದರ ಕುಲ, ರೂಪ, ಕಸುಬುಗಳಿಂದ ಹಿಡಿದು ಯಾರನ್ನು ಕೊಲ್ಲಬೇಕು, ಯಾರನ್ನು ಬಿಡಬೇಕು ಎಂಬವರೆಗಿನ ತೀರ್ಮಾನಗಳನ್ನೆಲ್ಲ ತಾನೇ ಮಾಡುತ್ತ ಹೋಗುವ ಆಟ. ಅಮೆರಿಕದ ಬೆಥೆಸ್ಡಾ ಸಂಸ್ಥೆಯು 2011ರ ನವೆಂಬರ್ 11ರಂದು ಬಿಡುಗಡೆ ಮಾಡಿದ 'ಸ್ಕೈರಿಮ್' ಈ ಬಗೆಯ ಆಟಗಳಲ್ಲಿ ಬಹಳ ಹೆಸರಾದದ್ದು. ಹಿಮದ ಬೆಟ್ಟಗಳ ನಾಡೊಂದಕ್ಕೆ ಬೆಂಕಿಯುಗುಳುವ ಡ್ರ್ಯಾಗನ್‌ಗಳು ಮರಳಿ ಬಂದಾಗ ಅವುಗಳನ್ನು ಎದುರಿಸಬಲ್ಲ ಒಬ್ಬನೇ ವೀರನಾಗಿ ಆಟಗಾರನು ಅಲ್ಲಿ ತಿರುಗುತ್ತಾನೆ, ತಿರುಗುವಾಗ ಕಂಡವರ ಮನೆಯ ಬೆಣ್ಣೆಗಿಣ್ಣುಗಳನ್ನೂ ಎತ್ತಿಕೊಳ್ಳುತ್ತಾನೆ. ಆಟವು ನಿಂತ ಕ್ಷಣದ ಸಮಸ್ತ ಸ್ಥಿತಿಯನ್ನು, ಅಂದರೆ ವೀರನ ಗಾಯ, ಗಂಟು, ಕೊಂದವರ ಎಣಿಕೆ, ಮುಗಿದ ಮತ್ತು ಮುಗಿಯದ ಕೆಲಸಗಳು ಇವೆಲ್ಲವನ್ನು ಬರೆದಿಟ್ಟುಕೊಳ್ಳುವ ಕಡತಕ್ಕೆ ಸೇವ್ ಫೈಲ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಎಫ್ 5 ಗುಂಡಿ ಒತ್ತಿದರೆ ಆ ಕ್ಷಣ ಉಳಿಯುತ್ತದೆ. ಎಫ್ 9 ಒತ್ತಿದರೆ, ನಡುವೆ ಏನೇ ಅನಾಹುತ ಆಗಿದ್ದರೂ, ಆಟವು ಉಳಿಸಿದ ಕ್ಷಣಕ್ಕೆ ಹಿಂದಿರುಗುತ್ತದೆ. ಇದನ್ನು ಲೋಡ್ ಮಾಡುವುದು ಎನ್ನುತ್ತಾರೆ.

ಹೊಸಪೇಟೆಯ ಸಮೀಪದ ಮರಿಯಮ್ಮನಹಳ್ಳಿಗೆ ಪಾತ್ರ ಧರಿಸುವುದು ಹೊಸ ವಿದ್ಯೆಯೇನಲ್ಲ. ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ನಾರಾಯಣದೇವರಕೆರೆಯ ಜನ ಬಂದು ನೆಲೆಸಿದ ಈ ಊರು ವೃತ್ತಿರಂಗಭೂಮಿಯ ಕಲಾವಿದರಿಗೆ, ಅದರಲ್ಲೂ ಕಲಾವಿದೆಯರಿಗೆ, ಹೆಸರಾಗಿದೆ. 2021ರ ಪದ್ಮಶ್ರೀ ಪುರಸ್ಕೃತೆ ಮಂಜಮ್ಮ ಜೋಗತಿಯವರ ಊರೂ ಇದೇ. ಆದರೆ ರಂಗದ ಮೇಲಿನ ದುರ್ಯೋಧನನಿಗೆ ಆಯ್ಕೆಯೆಂಬುದಿಲ್ಲ. ಗದೆಯನ್ನು ಎಷ್ಟೇ ಚೆಂದ ತಿರುಗಿಸಿದರೂ ಬೆಳಗಿನ ಜಾವಕ್ಕೆ ಅವನು ತೊಡೆ ಮುರಿಸಿಕೊಳ್ಳಲೇಬೇಕು. ವಿಡಿಯೊ ಗೇಮಿನ ಪಾತ್ರಧಾರಿಗೆ ಆ ಕಟ್ಟಿಲ್ಲ ಎಂಬುದೇ ಅದರ ಹೆಗ್ಗಳಿಕೆ. ಈ ಹೆಗ್ಗಳಿಕೆಯನ್ನು ಪರೀಕ್ಷಿಸುವ ಉದ್ದೇಶದಿಂದ ಈ ಊರಿನ ಕಲ್ಪಿತ ಆಟಗಾರನೊಬ್ಬನ ಸೇವ್ ಫೈಲನ್ನು ಸಂದರ್ಶಕನೊಬ್ಬ ಮಾತಿಗೆಳೆದದ್ದರ ವರದಿ ಮುಂದಿದೆ. ಕಡತವು ತಾಲ್ಲೂಕು ಕಚೇರಿಯ ಪತ್ರಗಳ ಗತ್ತಿನಲ್ಲಿ ತನ್ನನ್ನು ತಾನು ಪ್ರಥಮಪುರುಷದಲ್ಲಿಯೇ ಕರೆದುಕೊಳ್ಳುತ್ತದೆ.

ಪ್ರಶ್ನೆ: ತಮ್ಮ ಯಜಮಾನರು ಒಳ್ಳೆಯವರೇ, ಕೆಟ್ಟವರೇ?

ಉತ್ತರ: ಈ ಕಡತದಲ್ಲಿ ಅಂಥ ಕಾಲಂ ಇಲ್ಲ. ಹಿಂದಿನ ಕೆಲವು ಆಟಗಳಲ್ಲಿ ಇತ್ತು. ರಿಚರ್ಡ್ ಗ್ಯಾರಿಯಟ್ ರೂಪಿಸಿದ 1985ರ 'ಅಲ್ಟಿಮಾ 4' ಆಟದಲ್ಲಿ ಸೋಲಿಸಬೇಕಾದ ಖಳನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಮುಂತಾದ ಎಂಟು ಗುಣಗಳನ್ನು ಸಾಧಿಸಿ 'ಅವತಾರ' ಎನಿಸಿಕೊಳ್ಳುವುದೇ ಗುರಿ. ಅಲ್ಲಿ ಮಂತ್ರದ ಮೂಲಿಕೆ ಮಾರುವವರಿಗೆ ಕಣ್ಣು ಕಾಣುವುದಿಲ್ಲ, ಹಣ ಎಣಿಸಿಕೊಡುವವನು ಆಟಗಾರನೇ. ಕಡಿಮೆ ಕೊಟ್ಟರೆ ಅವರಿಗೆ ತಿಳಿಯದು, ಆಟಕ್ಕೆ ತಿಳಿಯುತ್ತದೆ, ಆದರೆ ಆಟ ಅದನ್ನು ಮುಖಕ್ಕೆ ಹೇಳುವುದಿಲ್ಲ. 1997ರ 'ಫಾಲೌಟ್' ಹೊತ್ತಿಗೆ 'ಕರ್ಮ' ಎಂಬ ಹೆಸರಿನ ಅಂಕವೇ ಬಂತು. ಒಳ್ಳೆಯ ಕೆಲಸಕ್ಕೆ ಕೂಡುವುದು, ಕೆಟ್ಟದ್ದಕ್ಕೆ ಕಳೆಯುವುದು. ಸ್ಕೈರಿಮ್ ಈ ರಗಳೆಯನ್ನು ಕೈಬಿಟ್ಟಿತು. ಇಲ್ಲಿ ಪಾಪವಿಲ್ಲ, ದಂಡ ಮಾತ್ರ ಇದೆ.

ದಂಡಕ್ಕೆ ಅಲ್ಲಿ ಬೌಂಟಿ ಎನ್ನುತ್ತಾರೆ, ಅಂದರೆ ಅಪರಾಧಿಯ ತಲೆಗೆ ಕಟ್ಟಿದ ಬೆಲೆ. ಅದರ ನಿಯಮಗಳನ್ನು ಕಡತವು ಅಭಿಮಾನದಿಂದ ವಿವರಿಸಿತು. ನಾಡು ಒಂಬತ್ತು ಸೀಮೆಗಳಾಗಿ ಹಂಚಿಹೋಗಿದ್ದು, ಒಂದು ಸೀಮೆಯ ಅಪರಾಧವನ್ನು ಇನ್ನೊಂದು ಸೀಮೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಡವರಿಲ್ಲದಿದ್ದರೆ ಅಪರಾಧವೇ ಇಲ್ಲ. ಕಂಡವರಿದ್ದರೂ, ಅವರಲ್ಲಿ ಕೊನೆಯವನನ್ನು ಮುಗಿಸಿದೊಡನೆ ದಂಡ ರದ್ದಾಯಿತೆಂಬ ಪ್ರಕಟಣೆಯು ಪರದೆಯ ಮೇಲೆ ತಾನಾಗಿ ಮೂಡುತ್ತದೆ. ಅಂಗಡಿಯವನ ತಲೆಯ ಮೇಲೆ ಬಕೆಟ್ ಬೋರಲು ಹಾಕಿದರೆ ಅವನ ಕಣ್ಣಿಗೆ ಏನೂ ಬೀಳದು, ಆಗ ಅಂಗಡಿಯನ್ನು ನಿಶ್ಚಿಂತೆಯಿಂದ ಬರಿದು ಮಾಡಬಹುದು. (ಈ ಕಡೆ ಬಕೆಟ್ ಹಿಡಿದು ಸಾಧಿಸುವುದನ್ನು ಅಲ್ಲಿ ಬಕೆಟ್ ಮುಚ್ಚಿ ಸಾಧಿಸುತ್ತಾರೆ ಎಂದು ಸಂದರ್ಶಕನು ಟಿಪ್ಪಣಿ ಮಾಡಿಕೊಂಡಿದ್ದಾನೆ.) ಇಷ್ಟು ಉದಾರವಾದ ನಾಡಿನಲ್ಲಿ ರಿವರ್‌ವುಡ್ ಎಂಬ ಹಳ್ಳಿಯ ಒಂದು ಕೋಳಿಯನ್ನು ಕೊಂದರೆ ಮಾತ್ರ ಊರಿಗೆ ಊರೇ ಆಯುಧ ಹಿಡಿದು ಮೈಮೇಲೆ ಬರುತ್ತದೆ. ಕಥೆಗೆ ಬೇಕಾದ ದೊಡ್ಡವರ ವಿಷಯ ಬೇರೆ. ಅವರು ಎಷ್ಟು ಏಟು ತಿಂದರೂ ಮಂಡಿಯೂರಿ, ಸುಧಾರಿಸಿಕೊಂಡು, ಮತ್ತೆ ಏಳುತ್ತಾರೆ, ಏಕೆಂದರೆ ಅವರು ಸಾಯಕೂಡದೆಂದು ಆಟದಲ್ಲಿ ಮೊದಲೇ ಬರೆದಿದೆ.

ಪ್ರಶ್ನೆ: ಯಜಮಾನರ ಸಂಪಾದನೆಯ ಮೂಲ ಯಾವುದು?

ಉತ್ತರ: ಕಬ್ಬಿಣದ ಅದಿರು. ಊರಿನ ಗುಣ ಎಲ್ಲಿ ಹೋಗುತ್ತದೆ! ಗುದ್ದಲಿಯಿಂದ ಬಂಡೆಯನ್ನು ಕುಟ್ಟಿದರೆ ಅದಿರು ಬರುತ್ತದೆ; ಬಂಡೆ ಬರಿದಾದರೂ ಚಿಂತೆಯಿಲ್ಲ, ಆಟದೊಳಗಿನ ಕೆಲವು ವಾರ ಕಳೆಯುವಷ್ಟರಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಬೇರೆಯವರ ಅದಿರನ್ನು ಎತ್ತಿದರೆ ಅದಕ್ಕೆ 'ಕದ್ದದ್ದು' ಎಂಬ ಗುರುತು ಅಂಟುತ್ತದೆ, ಸಾಮಾನ್ಯ ವರ್ತಕರು ಅದನ್ನು ಕೊಳ್ಳುವುದಿಲ್ಲ. ಆದರೆ ಕುಲುಮೆಗೆ ಹಾಕಿ ಕರಗಿಸಿದರೆ ಹೊರಬರುವ ಗಟ್ಟಿಯ ಮೇಲೆ ಆ ಗುರುತು ಇರುವುದಿಲ್ಲ. ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತದೆಯಷ್ಟೆ.

ಈ ಉತ್ತರಕ್ಕೆ ನೆರೆಯ ಗಣಿಸೀಮೆಯಾದ ಸಂಡೂರಿನ ಓದುಗರು ನಗುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಲೋಕಾಯುಕ್ತರ ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಕೆಯಾದ 2011ರ ಜುಲೈ ತಿಂಗಳಿನಲ್ಲಿಯೇ, 29ರಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮರಿಯಮ್ಮನಹಳ್ಳಿಯೂ ಆಗ ಅದೇ ಜಿಲ್ಲೆಯಲ್ಲಿತ್ತು, ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಲಾರಿಗಳ ಕೆಂಪು ಧೂಳು ಅಡಗಿ ನಾಲ್ಕು ತಿಂಗಳಾಗುವಷ್ಟರಲ್ಲಿ, ಅಗೆದಷ್ಟೂ ತುಂಬಿಕೊಳ್ಳುವ ಬೆಟ್ಟಗಳಿರುವ ಈ ಆಟ ಮಾರುಕಟ್ಟೆಗೆ ಬಂದದ್ದು ಕೇವಲ ಕಾಕತಾಳೀಯ. ಸಂಡೂರಿನ ಬೆಟ್ಟಗಳಿಗೆ ಆ ಗುಣವಿಲ್ಲ.

ಪ್ರಶ್ನೆ: ಯುದ್ಧದಲ್ಲಿ ಅವರ ಕ್ರಮ ಹೇಗೆ?

ಉತ್ತರ: ಮೊದಲ ದಿನ ಕತ್ತಿ ಗುರಾಣಿ ಹಿಡಿದರು. ಕೆಲವು ದಿನಗಳಲ್ಲಿ, ಈ ಆಟದ ಎಷ್ಟೋ ಆಟಗಾರರಂತೆ, ಮರೆಯಲ್ಲಿ ಕುಳಿತು ಬಾಣ ಬಿಡುವುದಕ್ಕೆ ಬಂದು ನಿಂತರು. ಕಾಣಿಸಿಕೊಳ್ಳದೆ ಬಿಟ್ಟ ಬಾಣದ ಪೆಟ್ಟು ಎರಡು ಪಟ್ಟು, ಪರಿಣತಿ ಬೆಳೆದರೆ ಮೂರು ಪಟ್ಟು. ಬಾಣ ಚುಚ್ಚಿಸಿಕೊಂಡ ಕಾವಲುಗಾರ ಸ್ವಲ್ಪ ಹೊತ್ತು ಅತ್ತಿತ್ತ ಹುಡುಕಿ, ಏನೂ ಇಲ್ಲವೆಂದು ತೀರ್ಮಾನಿಸಿ, ಬಾಣವನ್ನು ಹೊತ್ತುಕೊಂಡೇ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತಾನೆ. ಆಗ ಎರಡನೆಯ ಬಾಣ ಬಿಡುವುದು.

ಪ್ರಶ್ನೆ: ಇಲ್ಲಿಂದ ಹಂಪಿ ದೂರವಿಲ್ಲ. ಹೊಳೆಯಾಚೆಯ ಆನೆಗೊಂದಿಯನ್ನು ಜನ ರಾಮಾಯಣದ ಕಿಷ್ಕಿಂಧೆಯೆಂದು ನಂಬುತ್ತಾರೆ. ಅಲ್ಲಿಯೂ ಒಮ್ಮೆ ಮರೆಯಿಂದ ಬಾಣ ಬಿಟ್ಟದ್ದುಂಟು. ತಮಗೆ ತಿಳಿದಿದೆಯೇ?

ಉತ್ತರ: ತಿಳಿದಿದೆ. ಪೆಟ್ಟು ಎಷ್ಟು ಪಟ್ಟು ಬಿತ್ತೆಂಬುದು ಗೊತ್ತಿಲ್ಲ. ಒಂದೇ ಬಾಣಕ್ಕೆ ವಾಲಿ ಉರುಳಿದನಾದ್ದರಿಂದ ಪರಿಣತಿ ಪೂರ್ತಿಯಾಗಿತ್ತೆಂದು ಊಹಿಸಬಹುದು. ಆದರೆ ವಿನ್ಯಾಸದಲ್ಲಿ ಒಂದು ದೊಡ್ಡ ದೋಷವಿದೆ. ಬಾಣ ನಾಟಿದ ಮೇಲೆಯೂ ವಾಲಿಯನ್ನು ಮಾತಾಡಲು ಬಿಟ್ಟಿದ್ದಾರೆ. ಪ್ರಾಣ ಬಿಡುವ ಮುನ್ನ ಅಷ್ಟುದ್ದ ಮಾತಾಡುವ ವೈರಿಯನ್ನು ಇಟ್ಟರೆ ಆಟಗಾರರು ಮಾತನ್ನು ದಾಟಿಸುವ ಗುಂಡಿಯನ್ನು ಹುಡುಕುತ್ತಾರೆ.

ಕಡತವು ದೋಷವೆಂದದ್ದನ್ನು ಈ ಸೀಮೆಯ ಜನ ದೋಷವೆಂದು ಎಂದೂ ತಿಳಿದಿಲ್ಲ. ವಾಲ್ಮೀಕಿಯ ಕಿಷ್ಕಿಂಧಾ ಕಾಂಡದ 17ನೆಯ ಸರ್ಗದಲ್ಲಿ ನೆಲಕ್ಕೊರಗಿದ ವಾಲಿಯು ಬೇರೊಬ್ಬನೊಡನೆ ಕಾದುತ್ತಿದ್ದ ತನ್ನನ್ನು ಮರೆಯಿಂದ ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. 18ನೆಯದರಲ್ಲಿ ರಾಮನು ಉತ್ತರಿಸುತ್ತ, ಈ ನೆಲವೆಲ್ಲ ಇಕ್ಷ್ವಾಕುಗಳ ಆಳ್ವಿಕೆಗೆ ಸೇರಿದ್ದು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದಕ್ಕೆ ಇದು ಶಿಕ್ಷೆ, ಮೃಗವನ್ನು ಮರೆಯಿಂದ ಬೇಟೆಯಾಡುವುದು ರಾಜರಿಗೆ ನಿಷಿದ್ಧವಲ್ಲ ಎಂದು ಒಂದಲ್ಲ ಮೂರು ಸಮರ್ಥನೆಗಳನ್ನು ಕೊಡುತ್ತಾನೆ. ಮೂರು ಬೇಕಾದವು ಎಂಬುದರಲ್ಲಿಯೇ ಪ್ರಶ್ನೆಯ ತೂಕ ತಿಳಿಯುತ್ತದೆ. ವಾಲಿಯು ಉತ್ತರವನ್ನು ಒಪ್ಪಿಕೊಂಡು ಸತ್ತನಾದರೂ ಕೇಳುಗರು ಇನ್ನೂ ಪೂರ್ತಿ ಒಪ್ಪಿಲ್ಲ. ವಾಲಿವಧೆಯ ಬಯಲಾಟ, ತಾಳಮದ್ದಳೆಗಳಲ್ಲಿ ಆ ವಾದ ಇಂದಿಗೂ ನಡೆಯುತ್ತದೆ. ಹಂಪಿಯ ವಿಟ್ಠಲ ದೇವಾಲಯದ ಸಮೀಪದ ನಿಂಬಾಪುರದಲ್ಲಿರುವ ಬೂದಿದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ಕರೆಯುತ್ತಾರೆ. ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ಸುಟ್ಟುದರಿಂದ ಆದವೆಂದು ಪುರಾತತ್ವಜ್ಞರು ತೋರಿಸಿಕೊಟ್ಟಿರುವುದು ನಿಜವೇ ಆದರೂ, ಹೊಡೆದವನ ಗುರುತನ್ನಲ್ಲದೆ ಹೊಡೆಸಿಕೊಂಡವನ ಗುರುತನ್ನೂ ನೆಲದ ಮೇಲೆ ಉಳಿಸಿಕೊಳ್ಳಬೇಕೆಂದು ಜನಕ್ಕೆ ತೋರಿತು ಎಂಬುದು ಇಲ್ಲಿ ಮುಖ್ಯ. ಸ್ಕೈರಿಮ್ ಆಯ್ಕೆಯನ್ನು ಬಾಣ ಬಿಡುವವನಿಗೆ ಧಾರಾಳವಾಗಿ ಕೊಟ್ಟಿದೆ. ಪ್ರಶ್ನೆಯನ್ನು ಬಾಣ ತಿಂದವನಿಗೆ ಕೊಟ್ಟಿಲ್ಲ. ಇಂಥ ಆಟಗಳ ನೈತಿಕತೆಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಬಹುಪಾಲು ಬಾಣ ಬಿಟ್ಟವನ ಮನಸ್ಸಿಗೆ ಏನಾಯಿತು ಎಂಬಲ್ಲಿಗೇ ನಿಂತುಬಿಡುತ್ತವೆ.

ಪ್ರಶ್ನೆ: ಯಜಮಾನರು ಎಂದಾದರೂ ಪಶ್ಚಾತ್ತಾಪಪಟ್ಟಿದ್ದಾರೆಯೇ?

ಉತ್ತರ: ಪಶ್ಚಾತ್ತಾಪಕ್ಕೆ ಎಫ್ 9 ಇದೆ. ಒಂದು ಪ್ರಸಂಗವನ್ನು ಹೇಳಬಹುದು. ಅನಾಥಾಲಯವೊಂದರ ಕ್ರೂರ ಮೇಲ್ವಿಚಾರಕಿಯನ್ನು ಕೊಲ್ಲಬೇಕೆಂದು ಅಲ್ಲಿಂದ ಓಡಿಬಂದ ಹುಡುಗ ಕೇಳಿಕೊಂಡ. ಯಜಮಾನರು ಕೊಂದರು, ಮಕ್ಕಳು ಹಿಗ್ಗಿ ಕೂಗಿದರು. ಆ ಮೇಲೆ ಕೊಲೆಗಾರರ ಸಂಘದ ಒಡತಿಯೊಬ್ಬಳು ಯಜಮಾನರನ್ನು ನಿದ್ದೆಯಲ್ಲಿ ಹೊತ್ತೊಯ್ದು, ಗುಡಿಸಲೊಂದರಲ್ಲಿ ಮುಸುಕು ಹಾಕಿ ಕಟ್ಟಿದ ಮೂವರನ್ನು ತೋರಿಸಿ, ಇವರಲ್ಲೊಬ್ಬರ ಸಾವಿಗೆ ಹಣ ಸಂದಿದೆ, ಯಾರೆಂದು ನೀನೇ ತಿಳಿದು ಕೊಲ್ಲು ಎಂದಳು. ಯಜಮಾನರು ಮೊದಲನೆಯವನನ್ನು ಕೊಂದು, ಲೋಡ್ ಮಾಡಿ, ಎರಡನೆಯವಳನ್ನು ಕೊಂದು, ಲೋಡ್ ಮಾಡಿ, ಮೂರನೆಯವನನ್ನು ಕೊಂದು ನೋಡಿದರು. ಸರಿಯುತ್ತರ ಯಾವುದೆಂದು ಅವಳು ಒಮ್ಮೆಯೂ ಹೇಳಲಿಲ್ಲ. ಕೀ ಉತ್ತರ ಪ್ರಕಟಿಸದ ಪರೀಕ್ಷೆ ಎಂಥ ಪರೀಕ್ಷೆ ಎಂದು ಯಜಮಾನರು ಬಹಳ ಹೊತ್ತು ಸಿಡುಕಿದರು.

ಪ್ರಶ್ನೆ ಕೇಳಿದವಳನ್ನೇ ಕೊಂದು ಮೂವರನ್ನೂ ಬಿಡಿಸುವ ದಾರಿಯೂ ಆಟದಲ್ಲಿದೆ. ಆ ದಾರಿ ಹಿಡಿದವರು ಸಂಘದ ಮುಂದಿನ ಕಥೆಯನ್ನೂ ಅದರ ಬಹುಮಾನಗಳನ್ನೂ ಕಳೆದುಕೊಳ್ಳುತ್ತಾರೆ. ಆಟಗಾರನು ಅದನ್ನೂ ಒಮ್ಮೆ ಮಾಡಿ ನೋಡಿ, ನಷ್ಟವನ್ನು ಲೆಕ್ಕ ಹಾಕಿ, ಹಿಂದಿರುಗಿದನೆಂದು ಕಡತ ಸೇರಿಸಿತು. ತನ್ನ ಈ ಸಾಮರ್ಥ್ಯಕ್ಕೆ ಪುರಾಣದ ಆಧಾರವುಂಟೆಂದೂ ಅದು ವಾದಿಸಿತು: ತಂದೆಯ ಮಾತಿನಂತೆ ತಾಯಿ ರೇಣುಕೆಯ ತಲೆ ಕಡಿದ ಪರಶುರಾಮನು ಕೂಡಲೇ ವರ ಕೇಳಿ ಅವಳನ್ನು ಬದುಕಿಸಿಕೊಂಡದ್ದು ಲೋಡ್ ಅಲ್ಲದೆ ಮತ್ತೇನು? ಮಂಜಮ್ಮನವರಂಥ ಜೋಗತಿಯರು ರೇಣುಕೆಯೇ ಆದ ಎಲ್ಲಮ್ಮನ ಕಥೆಯನ್ನು ಆಡಿ ಹಾಡಿದ ಊರಿನಲ್ಲಿದ್ದೂ ಕಡತವು ಆ ಕಥೆಯನ್ನು ಅರ್ಧ ಮಾತ್ರ ಕೇಳಿಸಿಕೊಂಡಂತಿದೆ. ಜನಪದರ ಒಂದು ಪಾಠದಲ್ಲಿ ರೇಣುಕೆಯೊಂದಿಗೆ ಮಾತಂಗಿ ಎಂಬವಳ ತಲೆಯೂ ಉರುಳಿ, ಬದುಕಿಸುವಾಗ ತಲೆಗಳು ಅದಲುಬದಲಾಗುತ್ತವೆ. ಹಿಂದಿರುಗಿ ಬಂದವಳು ಹೋದವಳೇ ಅಲ್ಲ. ಕಡಿದದ್ದು ಕಡಿದದ್ದೇ ಎಂಬುದನ್ನು ಆ ಕಥೆ ಮರೆಮಾಚುವುದಿಲ್ಲ. ಇದನ್ನು ತಿಳಿಸಿದಾಗ ಕಡತವು, ತಲೆ ಅದಲುಬದಲಾಗುವುದು ತಾಂತ್ರಿಕ ದೋಷ, ಮುಂದಿನ ಆವೃತ್ತಿಯಲ್ಲಿ ಸರಿಪಡಿಸಬಹುದು ಎಂದಿತು.

ಪ್ರಶ್ನೆ: ಯಜಮಾನರ ವಿಷಯದಲ್ಲಿ ತಮಗೆ ಅಸಮಾಧಾನವೇನಾದರೂ ಇದೆಯೇ?

ಉತ್ತರ: ಒಂದಿದೆ. ಆ ನಾಡಿನ ಅತಿ ಎತ್ತರದ ಶಿಖರದ ಮೇಲೆ ಪಾರ್ಥುರ್‌ನಾಕ್ಸ್ ಎಂಬ ಮುದಿ ಡ್ರ್ಯಾಗನ್ ಇದೆ. ಲೋಕವನ್ನು ನುಂಗಲು ಬಂದ ಆಲ್ಡುಯಿನ್ ಎಂಬ ಡ್ರ್ಯಾಗನ್ನಿನ ಕಡೆ ನಿಂತು ಅದು ಹಿಂದೆ ಮನುಷ್ಯರ ಮೇಲೆ ಘೋರ ಕೃತ್ಯಗಳನ್ನು ಎಸಗಿತ್ತು. ಆ ಮೇಲೆ ಪಕ್ಷ ಬಿಟ್ಟು ಮನುಷ್ಯರಿಗೆ ವಿದ್ಯೆ ಕಲಿಸಿ, ಸಾವಿರಾರು ವರ್ಷ ಹಿಮದಲ್ಲಿ ಧ್ಯಾನಕ್ಕೆ ಕುಳಿತಿತು. ಯಜಮಾನರಿಗೂ ಅದು ನೆರವಾಯಿತು. ಅದನ್ನು ಕೊಂದು ಹಳೆಯ ಪಾಪದ ಲೆಕ್ಕ ಚುಕ್ತಾ ಮಾಡಬೇಕೆಂದು ಬ್ಲೇಡ್ಸ್ ಎಂಬ ಯೋಧರ ಸಂಘ ಆಜ್ಞೆ ಮಾಡಿದೆ, ಅಲ್ಲಿಯವರೆಗೆ ತಮ್ಮಿಂದ ನೆರವಿಲ್ಲವೆಂದೂ ಹೇಳಿದೆ. ಯಜಮಾನರು ಬಿಲ್ಲು ಹಿಡಿದು ಮೂರು ಸಲ ಶಿಖರಕ್ಕೆ ಹೋಗಿದ್ದಾರೆ, ಮೂರು ಸಲವೂ ಅದರೊಡನೆ ಮಾತಾಡಿ ಇಳಿದು ಬಂದಿದ್ದಾರೆ. ಎಫ್ 5 ಸಹ ಒತ್ತಿಲ್ಲ. ಉಳಿದ ಪಟ್ಟಿಯೆಲ್ಲ ಮುಗಿದಿದೆ, ಇದೊಂದು ಹಾಗೆಯೇ ಉಳಿದು ಪಟ್ಟಿಯ ಅಂದವನ್ನು ಕೆಡಿಸಿದೆ.

ಪ್ರಶ್ನೆ: ಕೊಲ್ಲಲೊಲ್ಲೆ ಎಂಬುದೇ ಅವರ ತೀರ್ಮಾನವಾಗಿರಬಹುದಲ್ಲ?

ಉತ್ತರ: ಅದಕ್ಕೆ ಕಾಲಂ ಇಲ್ಲ.

ಕಡತ ಹೇಳಿದ್ದು ನಿಜ. ಆ ಡ್ರ್ಯಾಗನ್ನನ್ನು ಕೊಂದರೆ ಕೆಲಸವು ಮುಗಿದದ್ದರ ಪಟ್ಟಿಗೆ ಸೇರುತ್ತದೆ. ಕೊಲ್ಲದೆ ಬಿಟ್ಟದ್ದನ್ನು ಮುಗಿದ ಕೆಲಸವೆಂದು ಬರೆದುಕೊಳ್ಳುವ ಏರ್ಪಾಡನ್ನು ಮೂಲ ಆಟದಲ್ಲಿ ಮಾಡಿಲ್ಲ. ಆಟಗಾರನು ಇಡೀ ಕಡತದಲ್ಲಿ ಲಾಭನಷ್ಟ ನೋಡದೆ ಮಾಡಿದ ತೀರ್ಮಾನ ಇದೊಂದೇ, ಅದು ಬಾಕಿ ಕೆಲಸಗಳ ಪಟ್ಟಿಯಲ್ಲಿದೆ. ಅದಕ್ಕೆ ಆಟವು ಗಡುವನ್ನೇನೂ ವಿಧಿಸಿಲ್ಲ.