ಜನರೇಟರ್ ಇಂಧನ ಮೀಮಾಂಸೆ

ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ಮಲೆನಾಡಿನ ಒಂಟಿಮನೆಗೆ ದಿನಗಟ್ಟಲೆ ಕರೆಂಟಿಲ್ಲ. ಆಗ ಜನರೇಟರ್ ಬೇಕು, ಜನರೇಟರಿಗೆ ಇಂಧನ ಬೇಕು, ಇಂಧನಕ್ಕೊಂದು ಶಾಸ್ತ್ರವೂ ಬೇಕು. ಲೋಕ ಇಂಧನವನ್ನು ದ್ರವ, ಅನಿಲ ಎಂದು ವಿಭಾಗಿಸುತ್ತದೆ. ಅದು ಸ್ಥೂಲದೃಷ್ಟಿ. ಮನೆಯ ಜನರೇಟರ್ ವರ್ಷದ ಬಹುಪಾಲು ಕೊಟ್ಟಿಗೆ ಮೂಲೆಯಲ್ಲಿ ಸುಮ್ಮನೆ ಕೂತಿರುವುದರಿಂದ, ಇಂಧನದ ಉರಿಯುವ ಗುಣಕ್ಕಿಂತ ಕೂರುವ ಗುಣವೇ ಪ್ರಧಾನವೆಂದು ನಮ್ಮ ಸಿದ್ಧಾಂತ. ಅದರಂತೆ ಇಂಧನ ತ್ರಿವಿಧ: ಕೂತು ಕೆಡುವುದು, ಕೂತರೂ ಕೆಡದ್ದು, ಕೂರಲೊಲ್ಲದ್ದು.

ಮೊದಲನೆಯದು ಪೆಟ್ರೋಲ್. ಯಂತ್ರ ಅಗ್ಗ, ಹಗುರ, ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ, ಅಂಗಡಿಯಲ್ಲಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಜೆಟ್ ಕಟ್ಟಿಕೊಳ್ಳುತ್ತದೆ. ಸಾಲದ್ದಕ್ಕೆ ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಕೂಡಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಆಗುಂಬೆಯ ಗಾಳಿಯಲ್ಲಿ ತೇವಕ್ಕೆ ಬರಗಾಲವುಂಟೇ? ಪ್ರಾಯಶ್ಚಿತ್ತ ಹೀಗೆ: ಮಳೆಗಾಲ ಮುಗಿದೊಡನೆ ಟ್ಯಾಂಕ್ ಬಸಿದು ಸ್ಕೂಟರಿಗೆ ಹಾಕಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಹಾಗೆ ಮಾಡಿದವರ ಉಲ್ಲೇಖ ಯಾವ ಪೂರ್ವಗ್ರಂಥದಲ್ಲೂ ಇಲ್ಲ.

ಎರಡನೆಯದರಲ್ಲಿ ಡೀಸೆಲ್ ಮುಖ್ಯ. ಪೆಟ್ರೋಲಿನಂತೆ ಥಟ್ಟನೆ ಹೊತ್ತಿಕೊಳ್ಳದು, ಮುಚ್ಚಿಟ್ಟರೆ ಹೆಚ್ಚು ಕಾಲ ಬಾಳುತ್ತದೆ, ಲೀಟರಿಗೆ ಸುಮಾರು 3 ಯೂನಿಟ್ ಕೊಡುತ್ತದೆ. ಸದ್ದಿನ ವಿಚಾರ ನೆರೆಮನೆಯವರಿಗೆ ಬಿಟ್ಟದ್ದು. ಆದರೆ ದೊಡ್ಡ ಡೀಸೆಲ್ ಯಂತ್ರಕ್ಕೆ ನಾಲ್ಕೇ ಬಲ್ಬು ಹಚ್ಚಿದರೆ ಅದು ಸರಿಯಾಗಿ ಕಾಯದೆ ಸೈಲೆನ್ಸರಿನಲ್ಲಿ ಮಸಿಯೆಣ್ಣೆ ಕಾರುತ್ತದೆ. ಎಲ್‌ಪಿಜಿಯೂ ಇದೇ ಗೋತ್ರ, ಎಷ್ಟು ವರ್ಷವಾದರೂ ಕೆಡದು. ಆದರೆ 14.2 ಕಿಲೋ ಸಿಲಿಂಡರನ್ನು ಅಡುಗೆ ಬಿಟ್ಟು ಬೇರೆಗೆ ಬಳಸುವುದು ನಿಷಿದ್ಧ. 19 ಕಿಲೋದ ವಾಣಿಜ್ಯ ಸಿಲಿಂಡರೇ ಗತಿ.

ಮೂರನೆಯದು ಗೋಬರ್ ಗ್ಯಾಸ್. ಡ್ರಮ್ಮಿನಲ್ಲಿ ತುಂಬಿಡಲು ಬಾರದು, ಅಂದಂದಿನದು ಅಂದಂದೇ ಉರಿಯಬೇಕು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಇದರಿಂದ ಎಂಜಿನ್ ಓಡಿಸಿ ಊರಿಗೆ ದೀಪ, ನೀರು ಕೊಟ್ಟರು. ಅದು ಬಯಲುಸೀಮೆ. ಮಲೆನಾಡಿನ ಚಳಿಮಳೆಗೆ ಗುಂಡಿ ತಣ್ಣಗಾಗಿ, ಬೇಕಾದ ತಿಂಗಳಲ್ಲೇ ಗ್ಯಾಸು ಕಡಿಮೆ.

ತೀರ್ಪು: ತೋಟಕ್ಕೆಂದು ಡೀಸೆಲ್ ಮೊದಲೇ ಇರುವವರಿಗೆ ಡೀಸೆಲ್, ಟ್ಯಾಂಕ್ ಬಸಿಯುವ ಶಿಸ್ತಿದ್ದವರಿಗೆ ಪೆಟ್ರೋಲ್, ಶಿಸ್ತಿಲ್ಲದವರಿಗೆ ಇನ್ವರ್ಟರ್. ಒಂದರಲ್ಲಿ ಮಾತ್ರ ಮತಭೇದವಿಲ್ಲ. ಯಾವ ಇಂಧನವಾದರೂ ಯಂತ್ರವನ್ನು ಮನೆಯೊಳಗೆ, ಮುಚ್ಚಿದ ಜಗಲಿಯಲ್ಲಿ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ.